ಸೋರೆಬುರುಡೆಯ ಮಗು ಕಲಿಸಿದ ಪಾಠ



ಕೆಲವು ವರ್ಷಗಳ ಹಿಂದೆ ಮಕ್ಕಳ ಭೇದಿಯನ್ನು ಕುರಿತ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕಾಗಿ ನಮ್ಮ ತಂಡ ತುಮಕೂರು ಜಿಲ್ಲೆಯ ಒಂದು ಹಳ್ಳಿಗೆ ಹೋಗಿತ್ತು. ನಾನು ಬಿ.ಎಸ್ಸಿ. ಓದಿದವನು, ರಸಾಯನ ವಿಜ್ಞಾನ ಮೆಚ್ಚಿನ ವಿಷಯ. ಆದುದರಿಂದ ಉಪ್ಪು ಮತ್ತು ಸಕ್ಕರೆ ಬೆರೆತ ನೀರು ಕರುಳಿನ ಗೋಡೆಯನ್ನು ದಾಟುವ ಬಗೆಯನ್ನು ತೋರಿಸಲು ಬಣ್ಣದ ಚಾರ್ಟನ್ನೇ ಬರೆಸಿಕೊಂಡು ಹೋಗಿದ್ದೆ. ವೈದ್ಯರು ಚೆನ್ನಾಗಿಯೇ ವಿವರಿಸಿದರು. ಕ್ಯಾಮರಾ ನಿಲ್ಲಿಸಿ ತಂತಿಗಳನ್ನು ಸುತ್ತುತ್ತಿದ್ದಾಗ ಜಗಲಿಯ ಮೇಲೆ ಕುಳಿತಿದ್ದ ಒಬ್ಬ ಅಜ್ಜಿ ನನ್ನನ್ನು ಕೇಳಿದರು: “ಅಲ್ಲ ಕಣಪ್ಪ, ಕೂಸಿಗೆ ಈಗ್ಲೇ ನೀರ್ ನೀರಾಗಿ ಹೋಯ್ತಾ ಐತೆ. ಅದ್ರ ಮ್ಯಾಲೆ ಇನ್ನೂ ನೀರು ಕುಡಿಸಿದ್ರೆ ಜಾಸ್ತಿ ಆಗಾಕಿಲ್ವಾ?”

ನಾನು ಮತ್ತೆ ಚಾರ್ಟಿನ ಕಡೆ ಕೈ ತೋರಿಸಿದೆ. ಅಜ್ಜಿ ಅದನ್ನು ನೋಡಲೂ ಇಲ್ಲ. ಅಷ್ಟರಲ್ಲಿ ಆ ಊರಿನ ಆಶಾ ಕಾರ್ಯಕರ್ತೆ ಅವರ ಪಕ್ಕದಲ್ಲಿ ಕುಳಿತು, “ಅಜ್ಜಿ, ನಿಮ್ ತೋಟದ ಸಸಿ ಬುಡದಾಗೆ ನೀರು ಬಸಿದು ಹೋಯ್ತದೆ ಅಂತ ನೀರು ಕಟ್ಟೋದು ಬಿಟ್ಬಿಡ್ತೀರಾ?” ಎಂದರು. “ಬಿಟ್ರೆ ಒಣಗೋಯ್ತದಲ್ಲವ್ವ” ಎಂದರು ಅಜ್ಜಿ. “ಕೂಸೂ ಹಂಗೇ ಕಣಜ್ಜಿ. ಹೋದಷ್ಟೂ ಕೊಡ್ತಾ ಇರ್ಬೇಕು.” ಅಜ್ಜಿ ತಲೆಯಾಡಿಸಿದರು.

ಈ ಸಂಭಾಷಣೆ ನಮ್ಮ ಕಾರ್ಯಕ್ರಮದಲ್ಲಿ ಬರಲಿಲ್ಲ. ಕ್ಯಾಮರಾವನ್ನು ಆಗಲೇ ಪೆಟ್ಟಿಗೆಗೆ ಹಾಕಿಸಿಬಿಟ್ಟಿದ್ದೆ. ಇಷ್ಟು ಸರಾಗವಾಗಿ ಹೇಳುವುದನ್ನು ಎಲ್ಲಿ ಕಲಿತಿರಿ ಎಂದು ಆಕೆಯನ್ನು ಕೇಳಿದಾಗ ಬಂದ ಉತ್ತರ ಇದು: “ತರಬೇತೀಲಿ ನಂದು ಅತ್ತೆ ಪಾರ್ಟು ಸಾರ್. ಇಂಥ ಪ್ರಶ್ನೆನೆಲ್ಲ ನಾನೇ ಕೇಳಿ ಕೇಳಿ ಸೊಸೆ ಪಾರ್ಟಿನೋರಿಗೆ ಸಾಕು ಮಾಡಿದ್ದೆ.”

ಆರೋಗ್ಯದ ತರಬೇತಿಯೊಳಗೆ ಈ ‘ಪಾರ್ಟು’ ಎಲ್ಲಿಂದ ಬಂತು? ಮಾತ್ರೆ, ಲಸಿಕೆ, ತೂಕದ ಯಂತ್ರಗಳ ನಡುವೆ ನಾಟಕ, ಕಥೆ, ಚಿತ್ರಗಳಿಗೆ ಏನು ಕೆಲಸ? ಈ ಪ್ರಶ್ನೆಯ ಬೆನ್ನು ಹತ್ತಿ ಹೊರಟರೆ ಸುಮಾರು ನೂರು ವರ್ಷಗಳ ಇತಿಹಾಸ ತೆರೆದುಕೊಳ್ಳುತ್ತದೆ. ಅದು ಆರಂಭವಾಗುವುದು ಚೀನಾ ದೇಶದ ಒಂದು ಬಡ ಜಿಲ್ಲೆಯಲ್ಲಿ.

ಹತ್ತು ದಿನಗಳ ತರಬೇತಿ

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸಾವಿರಾರು ಚೀನೀ ಕೂಲಿಕಾರರನ್ನು ಫ್ರಾನ್ಸ್ ದೇಶಕ್ಕೆ ಕರೆದೊಯ್ಯಲಾಗಿತ್ತು. ಅವರಿಗೆ ಓದುಬರಹ ಬರುತ್ತಿರಲಿಲ್ಲ. ಜೇಮ್ಸ್ ಯೆನ್ ಎಂಬ ತರುಣ ಪದವೀಧರ ಅವರ ಪರವಾಗಿ ಊರಿಗೆ ಕಾಗದ ಬರೆದುಕೊಡುತ್ತಿದ್ದ. ಬರೆದುಕೊಡುವುದಕ್ಕಿಂತ ಬರೆಯಲು ಕಲಿಸುವುದೇ ಮೇಲು ಎಂದು ಅವನಿಗೆ ತೋರಿತು. ಸ್ವದೇಶಕ್ಕೆ ಮರಳಿದ ಮೇಲೆ ಒಂದು ಸಾವಿರ ಲಿಪಿಸಂಕೇತಗಳಲ್ಲಿ ಸಾಮಾನ್ಯರಿಗೆ ಓದು ಕಲಿಸುವ ಚಳವಳಿಯನ್ನು ಆತ ಕಟ್ಟಿದ. 1920ರ ದಶಕದ ಕೊನೆಯ ವೇಳೆಗೆ ಈ ಚಳವಳಿ ಬೀಜಿಂಗ್‌ನ ದಕ್ಷಿಣಕ್ಕಿರುವ ಡಿಂಗ್‌ಷಿಯನ್ ಜಿಲ್ಲೆಯಲ್ಲಿ ನೆಲೆಯೂರಿತು. ಅಲ್ಲಿನ ಜನಸಂಖ್ಯೆ ಸುಮಾರು ನಾಲ್ಕು ಲಕ್ಷ.

ಅಲ್ಲಿ ಸೇರಿದವರು ಯಾರು ಯಾರು ನೋಡಿ. ಕೃಷಿ ತಜ್ಞರು, ಸಮಾಜಶಾಸ್ತ್ರಜ್ಞರು, ಚಿತ್ರಕಾರರು, ಸಾಹಿತಿಗಳು. ಅಮೆರಿಕದಲ್ಲಿ ನಾಟಕಕಲೆ ಓದಿ ಬಂದಿದ್ದ ಷಿಯಾಂಗ್ ಫೋಷಿ 1932ರಲ್ಲಿ ಅಲ್ಲಿಗೆ ಹೋಗಿ, ರೈತರೇ ಪಾತ್ರಧಾರಿಗಳಾಗುವ ಬಯಲು ರಂಗಭೂಮಿಯನ್ನು ಕಟ್ಟಿದರು. ಆ ಸೀಮೆಯ ಜನಪದ ಆಟಗಳನ್ನು ಹಳ್ಳಿಗರ ಬಾಯಿಂದ ಕೇಳಿ ಬರೆದುಕೊಂಡು 48 ಆಟಗಳ ಸಂಗ್ರಹವನ್ನು 1933ರಲ್ಲಿ ಅಚ್ಚು ಹಾಕಿಸಿದವರು ಸಮಾಜಶಾಸ್ತ್ರಜ್ಞರು.

ಅದೇ 1932ರಲ್ಲಿ ಅಲ್ಲಿಗೆ ಬಂದ ಇನ್ನೊಬ್ಬರು ಡಾ. ಸಿ. ಸಿ. ಚೆನ್. ಪೀಕಿಂಗಿನ ಹೆಸರಾಂತ ವೈದ್ಯಕೀಯ ಕಾಲೇಜಿನಲ್ಲಿ ಓದಿದವರು. ನೂರಾರು ಹಳ್ಳಿಗಳಿಗೆ ವೈದ್ಯರನ್ನು ಒದಗಿಸಲು ಹಣವೂ ಇಲ್ಲ, ಬರಲು ಒಪ್ಪುವ ವೈದ್ಯರೂ ಇಲ್ಲ. ಚೆನ್ ಅವರು ಕಂಡುಕೊಂಡ ಉಪಾಯ ಸರಳವಾಗಿತ್ತು. ಯೆನ್ ಅವರ ಜನತಾ ಶಾಲೆಗಳಲ್ಲಿ ಓದು ಕಲಿತ ರೈತರಲ್ಲಿ ಊರಿಗೊಬ್ಬರನ್ನು ಆರಿಸಿ ಸುಮಾರು ಹತ್ತು ದಿನ ತರಬೇತಿ ಕೊಟ್ಟರು. ಕೈಗೊಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಸಿಡುಬಿನ ಲಸಿಕೆ ಹಾಕುವುದು, ಜನನ ಮರಣ ಬರೆದಿಡುವುದು, ಬಾವಿಯನ್ನು ಶುಚಿಯಾಗಿಡುವುದು, ಕಾಯಿಲೆ ಹೆಚ್ಚಾದವರನ್ನು ಮೇಲಿನ ಕೇಂದ್ರಕ್ಕೆ ಕಳಿಸುವುದು ಅವರ ಕೆಲಸ.

ಹತ್ತೇ ದಿನಗಳಲ್ಲಿ ಇದು ಸಾಧ್ಯವೇ ಎಂದು ನೀವು ಕೇಳಬಹುದು. ಆ ರೈತ ಬರಿಗೈಯಲ್ಲಿ ಬಂದವನಲ್ಲ ಎಂಬುದನ್ನು ನೆನಪಿಡಬೇಕು. ಆತ ತನ್ನ ಊರಿನ ಶಾಲೆಯಲ್ಲಿ ಓದಿದ್ದ, ಚಿತ್ರದ ಪಾಠಗಳನ್ನು ನೋಡಿದ್ದ, ಬಯಲಾಟದ ನಡುವೆ ಬೆಳೆದಿದ್ದ. ಹತ್ತು ದಿನಗಳಲ್ಲಿ ಅವನಿಗೆ ಹೊಸದಾಗಿ ಸಿಕ್ಕಿದ್ದು ವೈದ್ಯಕೀಯದ ಅಂಶ ಮಾತ್ರ. ಊರಿನವರೊಡನೆ ಮಾತನಾಡುವ ಶಕ್ತಿ ಅವನಲ್ಲಿ ಮೊದಲೇ ಇತ್ತು. 1937ರಲ್ಲಿ ಜಪಾನಿನ ದಾಳಿಯಿಂದ ಡಿಂಗ್‌ಷಿಯನ್ ಪ್ರಯೋಗ ನಿಂತುಹೋಯಿತು.

ಇದಕ್ಕೂ ನಮಗೂ ಒಂದು ನಂಟಿದೆ. ಪೀಕಿಂಗಿನಲ್ಲಿ ಚೆನ್ ಅವರ ಗುರುಗಳಾಗಿದ್ದ ಜಾನ್ ಗ್ರಾಂಟ್ 1939ರಲ್ಲಿ ಕಲ್ಕತ್ತದ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆಯ ನಿರ್ದೇಶಕರಾಗಿ ಬಂದರು. 1946ರಲ್ಲಿ ವರದಿ ನೀಡಿದ ಭೋರ್ ಸಮಿತಿಯಲ್ಲಿ ಅವರೂ ಸದಸ್ಯರಾಗಿದ್ದರು. ನಾವು ಇಂದು ಕಾಣುವ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕಲ್ಪನೆ ಆ ವರದಿಯಲ್ಲಿದೆ. ಕೇಂದ್ರಗಳು 1952ರಿಂದ ಬರತೊಡಗಿದವು. ಆದರೆ ಊರಿನವರೇ ಆದ ಆರೋಗ್ಯ ಕಾರ್ಯಕರ್ತರನ್ನು ದೇಶಾದ್ಯಂತ ನೇಮಿಸುವ ಯೋಜನೆಗಾಗಿ ನಾವು 1977ರ ಅಕ್ಟೋಬರ್ 2ರವರೆಗೆ ಕಾಯಬೇಕಾಯಿತು. ಆಗಲೂ ಆಯ್ಕೆಯಾದವರಲ್ಲಿ ಹೆಚ್ಚಿನವರು ಗಂಡಸರು. ಬಸುರಿ ಬಾಣಂತಿಯರ ಕೋಣೆಯೊಳಗೆ ಅವರು ಕಾಲಿಡುವುದಾದರೂ ಹೇಗೆ?

ಅಹೋಯಾ ಹಳ್ಳಿಯ ಬುರುಡೆ

ಈಗ ಮೆಕ್ಸಿಕೋ ದೇಶಕ್ಕೆ ಹೋಗೋಣ. ಅಲ್ಲಿನ ಸಿನಲೋವಾ ರಾಜ್ಯದ ಗುಡ್ಡಗಾಡಿನಲ್ಲಿ ಅಹೋಯಾ ಎಂಬ ಹಳ್ಳಿ. ಡೇವಿಡ್ ವರ್ನರ್ ಎಂಬ ಅಮೆರಿಕನ್ 1960ರ ದಶಕದ ನಡುವೆ ಆ ಬೆಟ್ಟಗಳಿಗೆ ಬಂದ. ಆತ ವೈದ್ಯನಲ್ಲ, ಜೀವವಿಜ್ಞಾನ ಓದಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದವನು. ಚಿತ್ರ ಬರೆಯಬಲ್ಲವನು. ಹಳ್ಳಿಗರ ಕಾಯಿಲೆಗಳನ್ನು ಕಂಡು, ಅವರಲ್ಲೇ ಕೆಲವರಿಗೆ ಆರೋಗ್ಯ ಕಾರ್ಯಕರ್ತರಾಗಿ ತರಬೇತಿ ಕೊಡುವ ಕೆಲಸಕ್ಕೆ ನೆರವಾದ. 1973ರಲ್ಲಿ ಸ್ಪ್ಯಾನಿಷ್ ಭಾಷೆಯಲ್ಲಿ, 1977ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಅವನ ‘ವೈದ್ಯರಿಲ್ಲದ ಕಡೆ’ ಎಂಬರ್ಥದ ಪುಸ್ತಕ ಜಗತ್ತಿನ ಹತ್ತಾರು ಭಾಷೆಗಳಿಗೆ ಹೋಯಿತು. 1982ರಲ್ಲಿ ಬಿಲ್ ಬವರ್ ಜೊತೆಗೂಡಿ, ಆರೋಗ್ಯ ಕಾರ್ಯಕರ್ತರಿಗೆ ಕಲಿಸುವುದು ಹೇಗೆ ಎಂಬುದನ್ನೇ ಕುರಿತು ಇನ್ನೊಂದು ದೊಡ್ಡ ಪುಸ್ತಕ ಬರೆದ.

ಅದರಲ್ಲಿ ಸೋರೆಬುರುಡೆಯ ಮಗು ಬರುತ್ತದೆ. ಒಣಗಿದ ಬುರುಡೆಯ ಮೇಲ್ಭಾಗವನ್ನು ಕತ್ತರಿಸಿ, ತುಂಬ ನೀರು ಹಾಕಿ, ಬಾಯಿಯ ಮೇಲೆ ಒದ್ದೆ ಬಟ್ಟೆ ಹೊದಿಸಬೇಕು. ಅದು ಕೂಸಿನ ನೆತ್ತಿ. ಬುರುಡೆಗೆ ಮುಖ ಬರೆದು ಕಣ್ಣಿನ ಬಳಿ ಸಣ್ಣ ತೂತು, ಕೆಳಗೆ ಒಂದು ಬಿರಡೆ. ಬಿರಡೆ ಎಳೆದರೆ ಕೂಸಿಗೆ ಭೇದಿ ಶುರು. ನೀರು ಇಳಿಯುತ್ತ ಹೋದಂತೆ ಕಣ್ಣೀರು ನಿಲ್ಲುತ್ತದೆ, ನೆತ್ತಿಯ ಬಟ್ಟೆ ಒಳಕ್ಕೆ ಕುಸಿಯುತ್ತದೆ. ದೇಹದಲ್ಲಿ ನೀರು ಬತ್ತುವುದರ ಲಕ್ಷಣಗಳನ್ನು ಯಾರೂ ಬಾಯಿಪಾಠ ಮಾಡಿಸಬೇಕಾಗಿಲ್ಲ. ನೋಡುತ್ತಿರುವ ಮಕ್ಕಳೇ ಅವನ್ನು ಒಂದೊಂದಾಗಿ ಕೂಗಿ ಹೇಳುತ್ತಾರೆ. ಬುರುಡೆಯ ಕೂಸನ್ನು ಉಳಿಸುವುದು ಹೇಗೆ ಎಂದು ಕೇಳಿದರೆ, ಹೋದಷ್ಟು ನೀರನ್ನು ಮತ್ತೆ ತುಂಬಬೇಕು ಎಂಬ ಉತ್ತರವೂ ಅವರಿಂದಲೇ ಬರುತ್ತದೆ. ನನ್ನ ಚಾರ್ಟು ಮಾಡಲಾಗದ ಕೆಲಸವನ್ನು ಈ ಬುರುಡೆ ಮಾಡುತ್ತದೆ.

ತರಬೇತಿಯಲ್ಲಿ ಕಥೆಗೂ ದೊಡ್ಡ ಸ್ಥಾನವಿತ್ತು. ಕಾಲಿಗೆ ಮುಳ್ಳು ಚುಚ್ಚಿ ಧನುರ್ವಾಯುವಿನಿಂದ ಸತ್ತ ಏಳು ವರ್ಷದ ಹುಡುಗನ ಕಥೆಯನ್ನು ಹೇಳಿ, ‘ಆದರೆ ಯಾಕೆ?’ ಎಂದು ಕೇಳುತ್ತ ಹೋಗುವುದು ಅವರ ಪದ್ಧತಿ. ಮುಳ್ಳು ಚುಚ್ಚಿದ್ದು ಯಾಕೆ? ಬರಿಗಾಲಿನಲ್ಲಿದ್ದ. ಯಾಕೆ? ಚಪ್ಪಲಿ ಕೊಳ್ಳಲು ಅಪ್ಪನಲ್ಲಿ ದುಡ್ಡಿರಲಿಲ್ಲ. ಯಾಕೆ? ಇನ್ನೊಬ್ಬರ ಹೊಲದಲ್ಲಿ ಗೇಯುವವನು. ಲಸಿಕೆ ಯಾಕೆ ಹಾಕಿರಲಿಲ್ಲ? ಒಂದೊಂದು ಉತ್ತರಕ್ಕೂ ರಟ್ಟಿನ ಒಂದೊಂದು ಕೊಂಡಿ. ರೋಗಾಣುವಿನ ಕೊಂಡಿಯ ಪಕ್ಕದಲ್ಲಿ ಬಡತನದ ಕೊಂಡಿಯೂ ಸೇರಿ ಹುಡುಗನಿಂದ ಅವನ ಗೋರಿಯವರೆಗೆ ಸರಪಳಿ ಬೆಳೆಯುತ್ತದೆ. ಯಾವ ಕೊಂಡಿಯನ್ನು ಮುರಿಯಬಹುದು ಎಂದು ಕಾರ್ಯಕರ್ತರು ಯೋಚಿಸುತ್ತಾರೆ.

ಈ ಯೋಚನೆಯಿಂದ ನಾಟಕ ಹುಟ್ಟಿತು. ಹಳ್ಳಿಯಲ್ಲಿ ಹೆಂಡದಂಗಡಿ ತೆರೆದಾಗ ಹೆಂಗಸರು ಒಗ್ಗಟ್ಟಾಗಿ ಎದುರಿಸುವ ನಾಟಕವನ್ನು ಹೆಂಗಸರೇ ಆಡಿದರು. ಬಿತ್ತನೆಯ ಕಾಲದಲ್ಲಿ ಸಾಲ ತಂದ ಮುಸುಕಿನ ಜೋಳವನ್ನು ಸುಗ್ಗಿಯಲ್ಲಿ ಹಲವು ಪಟ್ಟು ಹಿಂದಿರುಗಿಸಬೇಕಾದ ಬವಣೆ ಇನ್ನೊಂದು ನಾಟಕವಾಯಿತು. ಮಕ್ಕಳ ಹಸಿವಿಗೂ ಆ ಸಾಲಕ್ಕೂ ಇರುವ ಸಂಬಂಧ ರಂಗದ ಮೇಲೆ ಕಂಡಿತು. ರೈತರು ತಮ್ಮದೇ ಜೋಳದ ಭಂಡಾರವನ್ನೂ ಕಟ್ಟಿಕೊಂಡರು.

ಅಹೋಯಾದ ಕಥೆ ಸುಖಾಂತವಲ್ಲ. ಮುಂದೆ ಆ ಪ್ರದೇಶದಲ್ಲಿ ಮಾದಕವಸ್ತುಗಳ ದಂಧೆ ಮತ್ತು ಹಿಂಸೆ ಬೆಳೆದು ಅನೇಕ ಕುಟುಂಬಗಳು ಊರು ಬಿಟ್ಟವು. ನಾಟಕ ಎಲ್ಲವನ್ನೂ ಗೆಲ್ಲುತ್ತದೆ ಎಂದು ನಾನು ನಿಮಗೆ ಹೇಳಲಾರೆ. ಆದರೆ ಆ ಬುರುಡೆ ಅಲ್ಲಿಂದ ಹೊರಟು ಬಹಳ ದೇಶಗಳನ್ನು ಸುತ್ತಿದೆ.

ತನ್ನ ಹೆಸರು ಹೇಳುವ ಪಾಠ

ನಮ್ಮ ನೆರೆಯ ಮಹಾರಾಷ್ಟ್ರದ ಜಾಮ್‌ಖೇಡ್‌ಗೆ 1970ರಲ್ಲಿ ವೈದ್ಯ ದಂಪತಿಗಳಾದ ರಜನೀಕಾಂತ ಮತ್ತು ಮೇಬೆಲ್ ಆರೋಳೆ ಬಂದರು. ಬರ ಬಿದ್ದ ಸೀಮೆ ಅದು. ಅವರು ತರಬೇತಿಗೆ ಆರಿಸಿಕೊಂಡದ್ದು ಊರಿನ ಹೆಂಗಸರನ್ನು. ಬಹಳ ಮಂದಿಗೆ ಅಕ್ಷರ ಬಾರದು, ಅನೇಕರು ದಲಿತ ಕುಟುಂಬಗಳವರು. ನೀನು ಯಾರು ಎಂದರೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಹೇಳಿ ರೂಢಿಯಾಗಿದ್ದವರು. ಆದುದರಿಂದ ತಮ್ಮ ಹೆಸರನ್ನು ತಾವೇ ಎದ್ದು ನಿಂತು ಹೇಳುವುದೇ ಅವರಿಗೆ ಮೊದಲ ಪಾಠವಾಯಿತು. ಪಾಠಗಳು ಹಾಡಿನಲ್ಲಿ, ಚಿತ್ರದಲ್ಲಿ, ಅವರವರ ಊರಿನ ಕಥೆಯಲ್ಲಿ ನಡೆದವು. ಜಾತಿ ಬೇರೆ ಬೇರೆಯಾದವರು ಒಂದೇ ಕಡೆ ಉಂಡು ಮಲಗಿದರು.

ಅವರಲ್ಲೊಬ್ಬರು 1988ರಲ್ಲಿ ವಾಷಿಂಗ್ಟನ್ ನಗರದ ಸಭೆಯೊಂದರಲ್ಲಿ ಮಾತನಾಡಿದರು. ಸಭಾಂಗಣದ ದೊಡ್ಡ ತೂಗುದೀಪಕ್ಕೂ ತಮ್ಮಂಥ ಸಣ್ಣ ಹಣತೆಗೂ ಇರುವ ಅಂತರವನ್ನು ಹೋಲಿಸಿ, ಹಣತೆ ಮಾತ್ರ ಮತ್ತೊಂದು ಹಣತೆಯನ್ನು ಹಚ್ಚಬಲ್ಲದು ಎಂಬ ಅರ್ಥದ ಮಾತನಾಡಿದರು. ಈ ಹೋಲಿಕೆ ಆಕೆಗೆ ಯಾವ ವೈದ್ಯಕೀಯ ಪುಸ್ತಕದಿಂದಲೂ ಬಂದದ್ದಲ್ಲ. ಜಾಮ್‌ಖೇಡ್‌ನ ಅನುಭವವನ್ನು ವಿಶ್ವ ಆರೋಗ್ಯ ಸಂಸ್ಥೆ 1975ರಲ್ಲೇ ತನ್ನ ಗ್ರಂಥವೊಂದರಲ್ಲಿ ಸೇರಿಸಿತ್ತು. ಮೂರು ವರ್ಷಗಳ ಬಳಿಕ, 1978ರ ಆಲ್ಮಾ ಆಟಾ ಸಮ್ಮೇಳನ ‘ಎಲ್ಲರಿಗೂ ಆರೋಗ್ಯ’ ಎಂಬ ಗುರಿಯನ್ನು ಸಾರಿದಾಗ ಇಂಥ ಹಳ್ಳಿಗಳ ಅನುಭವ ಅದರ ಹಿಂದೆ ಇತ್ತು.

ಒಂದು ಪದದ ಅರ್ಥ

ಇಲ್ಲಿಯವರೆಗೆ ನಾಟಕ, ಚಿತ್ರ, ಕಥೆಗಳ ಮಾತಾಯಿತು. ಭಾಷೆಯನ್ನು ಕಿವಿಗೊಟ್ಟು ಕೇಳುವ ವಿದ್ಯೆಗೂ ಇಲ್ಲಿ ಕೆಲಸವಿದೆ. ಬಾಂಗ್ಲಾದೇಶದ ಉದಾಹರಣೆ ನೋಡಿ.

1971ರ ಯುದ್ಧಕಾಲದಲ್ಲಿ ಬಂಗಾಳದ ಗಡಿಯ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು ಸಕ್ಕರೆಯ ನೀರು ಕುಡಿಸಿ ಸಾವಿರಾರು ಜೀವಗಳನ್ನು ಉಳಿಸಿದರು. ಆ ಜ್ಞಾನವನ್ನು ಮನೆಮನೆಗೆ ಒಯ್ಯಲು ಬ್ರಾಕ್ ಎಂಬ ಸಂಸ್ಥೆ 1980ರಲ್ಲಿ ಮಹಿಳಾ ಕಾರ್ಯಕರ್ತೆಯರನ್ನು ಕಳಿಸಿತು. ಪೊಟ್ಟಣವಿಲ್ಲ, ಅಳತೆಯ ಚಮಚೆಯಿಲ್ಲ. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಕಲಿತ ತಾಯಂದಿರು ಎಷ್ಟು ನೆನಪಿಟ್ಟುಕೊಂಡಿದ್ದಾರೆ ಎಂದು ಪರೀಕ್ಷಿಸಿ, ಅದಕ್ಕೆ ತಕ್ಕಂತೆ ಕಾರ್ಯಕರ್ತೆಗೆ ಸಂಬಳ. ಹತ್ತು ವರ್ಷಗಳಲ್ಲಿ ಒಂದು ಕೋಟಿಗೂ ಹೆಚ್ಚು ಮನೆಗಳನ್ನು ಅವರು ಮುಟ್ಟಿದರು.

ಆದರೆ ಆರಂಭದಲ್ಲಿ ಒಂದು ವಿಚಿತ್ರ ಕಂಡಿತು. ತಾಯಂದಿರಿಗೆ ಪಾಠ ಚೆನ್ನಾಗಿ ನೆನಪಿತ್ತು, ಮಗುವಿಗೆ ಭೇದಿಯಾದಾಗ ಬಳಸಿದವರು ಮಾತ್ರ ಬಹಳ ಕಡಿಮೆ. ಯಾಕೆಂದು ವಿಚಾರಿಸಿದಾಗ ಎರಡು ಸಂಗತಿಗಳು ಹೊರಬಿದ್ದವು. ಒಂದು, ಕಲಿಸುವ ಕಾರ್ಯಕರ್ತರಲ್ಲೇ ಅನೇಕರು ತಮಗೆ ಭೇದಿಯಾದಾಗ ಮಾತ್ರೆ ನುಂಗುತ್ತಿದ್ದರು. ತಾವೇ ನಂಬದ್ದನ್ನು ಹೇಳಿಕೊಡುತ್ತಿದ್ದರು. ಎರಡನೆಯದು ಭಾಷೆಗೆ ಸೇರಿದ್ದು. ಹಳ್ಳಿಯವರ ಮಾತಿನಲ್ಲಿ ದೂಧ್ ಹಾಗಾ, ಅಜೀರ್ಣ, ಆಮಾಶಾ ಎಂದು ಬೇರೆ ಬೇರೆ ಕಾಯಿಲೆಗಳಿದ್ದವು. ‘ಡಯೇರಿಯಾ’ ಎಂದರೆ ಅವರಿಗೆ ಕಾಲರಾದಂಥ ಭಾರೀ ಭೇದಿ ಮಾತ್ರ. ಪಾಠದಲ್ಲಿ ಡಯೇರಿಯಾ ಎಂದು ಹೇಳಿದ್ದರಿಂದ ಉಳಿದವಕ್ಕೆ ಈ ನೀರು ಬೇಡವೆಂದು ತಾಯಂದಿರು ತಿಳಿದಿದ್ದರು! ತಪ್ಪು ಅವರದಲ್ಲ, ಪದದ ಅರ್ಥ ಕೇಳದೆ ಬಳಸಿದವರದು. ಆಮೇಲೆ ಪಾಠವನ್ನು ಊರಿನ ಪದಗಳಿಗೆ ತಕ್ಕಂತೆ ತಿದ್ದಲಾಯಿತು.

ನಮ್ಮಲ್ಲಿಯೂ ಹೊಟ್ಟೆ ಕೆಡುವುದು, ಆಮಶಂಕೆ, ಹಲ್ಲು ಬರುವಾಗಿನ ಭೇದಿ, ದೃಷ್ಟಿ ತಾಗಿದ್ದು ಎಂದು ಎಷ್ಟು ಹೆಸರುಗಳಿವೆ! ಇವನ್ನೆಲ್ಲ ‘ಅತಿಸಾರ’ ಎಂಬ ಒಂದೇ ಪದದಲ್ಲಿ ಮುಚ್ಚಿ ಕಾರ್ಯಕ್ರಮ ಮಾಡಿದವರಲ್ಲಿ ನಾನೂ ಒಬ್ಬ.

ಗೆಳತಿಯ ಹೆಸರಿನಲ್ಲಿ

ಹೊಸದಾಗಿ ಹುಟ್ಟಿದ ಛತ್ತೀಸ್‌ಗಢ ರಾಜ್ಯದಲ್ಲಿ 2002ರಲ್ಲಿ ‘ಮಿತಾನಿನ್’ ಯೋಜನೆ ಆರಂಭವಾಯಿತು. ಆ ಸೀಮೆಯಲ್ಲಿ ಇಬ್ಬರು ಹುಡುಗಿಯರು ಶಾಸ್ತ್ರೋಕ್ತವಾಗಿ ಜೀವನಪರ್ಯಂತದ ಗೆಳೆತನ ಕಟ್ಟಿಕೊಳ್ಳುವ ಪದ್ಧತಿ ಇದೆ. ಅಂಥ ಗೆಳತಿಗೆ ಮಿತಾನಿನ್ ಎಂದು ಹೆಸರು. ಆರೋಗ್ಯ ಕಾರ್ಯಕರ್ತೆಗೆ ಆ ಹೆಸರನ್ನೇ ಇಟ್ಟರು. ಆಕೆ ಯಾರಾಗಬೇಕು, ಏನು ಮಾಡಬೇಕು ಎಂಬುದನ್ನು ಕೇರಿಕೇರಿಗೆ ತಿಳಿಸಿದ್ದು ಕಲಾಜಾಥಾಗಳು. 1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ ಕರ್ನಾಟಕದ ಹಳ್ಳಿಗಳೂ ಕಂಡ ಅದೇ ಹಾಡು, ಅದೇ ಬೀದಿನಾಟಕದ ರೂಪ. ಈ ಯೋಜನೆಯ ಅನುಭವವೂ ಸೇರಿ 2005ರಲ್ಲಿ ದೇಶದ ಆಶಾ ಯೋಜನೆ ರೂಪುಗೊಂಡಿತು. ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬರಂತೆ, ಅದೇ ಊರಿನ ಹೆಣ್ಣುಮಗಳು. ಇಂದು ದೇಶದಲ್ಲಿ ಸುಮಾರು ಹತ್ತು ಲಕ್ಷ ಆಶಾಗಳಿದ್ದಾರೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರನ್ನು ಗೌರವಿಸಿತು. ತುಮಕೂರಿನ ಆ ಹಳ್ಳಿಯ ‘ಅತ್ತೆ ಪಾರ್ಟಿನ’ ಹಿಂದೆ ಇಷ್ಟೆಲ್ಲ ಹಾದಿ ಇದೆ.

ಈ ಇತಿಹಾಸದಿಂದ ನಾವು ತಿಳಿಯಬೇಕಾದದ್ದೇನು? ಆರೋಗ್ಯ ಕಾರ್ಯಕರ್ತೆಯ ಕೈಯಲ್ಲಿರುವ ಔಷಧಿ ಸ್ವಲ್ಪ. ಆಕೆಯ ಮಾತನ್ನು ಊರು ನಂಬಿದರೆ ಮಾತ್ರ ಆ ಸ್ವಲ್ಪವೂ ಕೆಲಸಕ್ಕೆ ಬರುತ್ತದೆ. ನಂಬಿಕೆ ಬರಬೇಕಾದರೆ ಆಕೆ ಎದುರಿನವರ ಪ್ರಶ್ನೆಯನ್ನು ಒಳಗಿನಿಂದ ಅರಿತಿರಬೇಕು. ಅತ್ತೆಯ ಪಾತ್ರ ಮಾಡಿದವಳಿಗೆ ಅತ್ತೆಯ ಭಯ ಗೊತ್ತಾಗುತ್ತದೆ. ಆ ಅಭ್ಯಾಸ ಉಪನ್ಯಾಸ ಕೇಳಿ ಬರುವುದಿಲ್ಲ.

ಹಾಗೆಂದು ಹಾಡು ಮಾತ್ರೆಗೆ ಬದಲಿಯಲ್ಲ, ನಾಟಕ ಸಂಬಳಕ್ಕೆ ಬದಲಿಯಲ್ಲ. ಆಶಾಗಳು ಇಂದಿಗೂ ಗೌರವಧನ ಪಡೆಯುವ ಸ್ವಯಂಸೇವಕಿಯರೆಂದೇ ಎಣಿಕೆಯಾಗುತ್ತಾರೆ, ನ್ಯಾಯವಾದ ವೇತನಕ್ಕಾಗಿ ಬೀದಿಗಿಳಿದಿದ್ದಾರೆ. ದಿನದ ಬಹುಭಾಗ ನೋಂದಣಿ ಪುಸ್ತಕಕ್ಕೂ ಮೊಬೈಲಿಗೂ ಹೋಗುತ್ತದೆ ಎಂದು ನಾನು ಭೇಟಿಯಾದ ಹಲವರು ಹೇಳಿದ್ದಾರೆ. ನನ್ನ ಕೆಲಸದ ಅನುಭವ ಇನ್ನೊಂದು ಮಾತು ಹೇಳುತ್ತದೆ: ವೇಳೆ ಕಡಿಮೆಯಾದಾಗ ಕತ್ತರಿ ಮೊದಲು ಬೀಳುವುದು ಹಾಡಿನ ಮೇಲೆ, ನಾಟಕದ ಮೇಲೆ. ‘ವಿಷಯ’ ಉಳಿಯಲಿ ಎನ್ನುತ್ತೇವೆ. ಆ ಅಜ್ಜಿಯ ಪ್ರಶ್ನೆಗೆ ಉತ್ತರ ಇದ್ದದ್ದು ನಾವು ಕತ್ತರಿಸುವ ಭಾಗದಲ್ಲಿ.

ಕೊನೆಯದಾಗಿ ನಿಮಗೆ ಎರಡು ಕೆಲಸ. ವಿಜ್ಞಾನದ ವಿದ್ಯಾರ್ಥಿಗಳು ಸೋರೆಬುರುಡೆ ಸಿಗದಿದ್ದರೆ ಒಂದು ಪ್ಲಾಸ್ಟಿಕ್ ಬಾಟಲಿಯಲ್ಲಿ ಆ ಕೂಸನ್ನು ಮಾಡಿ, ನಿಮ್ಮ ಬೀದಿಯ ಪುಟ್ಟ ಮಕ್ಕಳಿಗೆ ತೋರಿಸಿ. ಲಕ್ಷಣಗಳನ್ನು ನೀವು ಹೇಳಬೇಡಿ, ಅವರೇ ಹೇಳಲಿ. ಕಲಾ ವಿಭಾಗದ ವಿದ್ಯಾರ್ಥಿಗಳು ಮನೆಯ ಹಿರಿಯರನ್ನು ಕೇಳಿ, ಮಕ್ಕಳ ಭೇದಿಗೆ ನಿಮ್ಮ ಊರಿನಲ್ಲಿರುವ ಹೆಸರುಗಳನ್ನೂ ಯಾವುದಕ್ಕೆ ನೀರು ಕೊಡಬಾರದು ಎನ್ನುತ್ತಾರೆ ಎಂಬುದನ್ನೂ ಬರೆದುಕೊಳ್ಳಿ. ಆ ಪಟ್ಟಿಯನ್ನು ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ತೋರಿಸಿ, ತರಬೇತಿಯಲ್ಲಿ ಅವರದು ಯಾವ ಪಾರ್ಟು ಎಂದೂ ವಿಚಾರಿಸಿ. ಸಿಕ್ಕ ಉತ್ತರಗಳನ್ನು ನಮಗೆ ಬರೆದು ಕಳಿಸಿ. ಈ ಸಲ ಕ್ಯಾಮರಾವನ್ನು ಬೇಗ ಪೆಟ್ಟಿಗೆಗೆ ಹಾಕುವುದಿಲ್ಲ.